ಮೊದಲು ಕೇಬಲ್ ಬದಲಾಯಿಸಿ, ಆಮೇಲೆ ಮಾತಾಡಿ

ನಮಸ್ಕಾರ. ಇವತ್ತು ಬೇರೆ ವಿಡಿಯೋ ಬರಬೇಕಿತ್ತು. ಅಜ್ಜನ ಕಾಲದ ರೇಡಿಯೋ ಡಬ್ಬಿಯೊಳಗೆ ರಾಸ್ಪ್‌ಬೆರಿ ಪೈ ಅನ್ನುವ ಅಂಗೈಯಗಲದ ಕಂಪ್ಯೂಟರ್ ಬೋರ್ಡ್ ಕೂರಿಸಿ ಹಾಡಿಸುವ ಪ್ರಾಜೆಕ್ಟ್. ಡಬ್ಬಿಗೆ ಪಾಲಿಶ್ ಕೂಡ ಆಗಿದೆ, ಅಗೋ ಕಿಟಕಿ ಹತ್ತಿರ ಒಣಗುತ್ತಿದೆ. ಆದರೆ ಬೆಳಿಗ್ಗೆ ಕಾಫಿ ಕುಡಿಯುತ್ತಾ ಕಾಮೆಂಟ್ ಓದಿದೆ. ಓದಬಾರದಿತ್ತು.

ಹೀಗಿದೆ ನೋಡಿ. "ಗುರುಗಳೇ, ಏನು ಕೇಳಿದ್ರೂ ಕೇಬಲ್ ಬದಲಾಯಿಸಿ, ಅಡಾಪ್ಟರ್ ಬದಲಾಯಿಸಿ ಅಂತೀರ. ನಿಮಗೆ ಲಿನಕ್ಸ್ ಬರಲ್ವಾ?" ಪಕ್ಕದಲ್ಲಿ ಮೂರು ನಗುಮುಖ. ಅದಕ್ಕೆ 46 ಲೈಕ್! ನನ್ನ ವಿಡಿಯೋಗೆ ಅಷ್ಟು ಲೈಕ್ ಬರುವುದಕ್ಕೆ ಎರಡು ದಿನ ಬೇಕು.

ಬರುತ್ತದೆ ಸ್ವಾಮಿ, ಪೈ ಓಡಿಸುವ ಲಿನಕ್ಸ್ ಬರುತ್ತದೆ. ನಿಮ್ಮ ಪೈಗೆ ಕರೆಂಟ್ ಬರುತ್ತಿಲ್ಲ.

ಇಷ್ಟೇ ಇವತ್ತಿನ ಮಾತು. ಅರ್ಜೆಂಟ್ ಇದ್ದವರು ಹೊರಡಬಹುದು. ಹೊರಡುವ ಮುಂಚೆ ಸಬ್‌ಸ್ಕ್ರೈಬ್ ಒತ್ತಿ. ಉಳಿದವರು ಕೂತುಕೊಳ್ಳಿ, ನನಗೆ ಸಿಟ್ಟು ಇನ್ನೂ ಇಳಿದಿಲ್ಲ.

ಪೈಗೆ ಬೇಕಿರುವುದು 5 ವೋಲ್ಟ್. ಆದರೆ ಪೈ ಮಾಡುವವರದೇ ಅಡಾಪ್ಟರ್ ತಿರುಗಿಸಿ ನೋಡಿ, 5.1 ಅಂತ ಬರೆದಿರುತ್ತದೆ. ಆ ಪಾಯಿಂಟ್ ಒಂದು ಸುಮ್ನೆ ಶೋಕಿಗೆ ಬರೆದದ್ದಲ್ಲ. ದಾರಿಯಲ್ಲಿ ಕೇಬಲ್ ಸ್ವಲ್ಪ ನುಂಗುತ್ತದೆ ಅಂತ ಅವರಿಗೆ ಗೊತ್ತು. ಹಾಲು ಅಳೆಯುವವನು ಮೇಲೊಂದು ಕೊಸರು ಹಾಕುತ್ತಾನಲ್ಲ, ಹಾಗೆ. ಬೋರ್ಡ್ ಮುಟ್ಟುವಷ್ಟರಲ್ಲಿ ಅದು 4.63ಕ್ಕಿಂತ ಕೆಳಗೆ ಇಳಿದರೆ ಪೈ ಕೂಗುತ್ತದೆ. ಪರದೆಯ ಮೂಲೆಯಲ್ಲಿ ಹಳದಿ ಮಿಂಚಿನ ಗುರುತು ಬರುತ್ತದೆ. ಪೈ 3 ಅನ್ನುವ ಮಾದರಿಯಲ್ಲಿ ಕೆಂಪು ದೀಪವೇ ಆರಿಹೋಗುತ್ತದೆ. ಇನ್ನೇನು, ಮನೆಗೆ ಬಂದು ಬಾಗಿಲು ಬಡಿಯಬೇಕಾ? ಆದರೆ ನೀವು ಪರದೆ ಹಾಕಿರುವುದಿಲ್ಲ. ಬೋರ್ಡನ್ನು ಡಬ್ಬಿಯಲ್ಲಿಟ್ಟು ಸ್ಕ್ರೂ ಬಿಗಿದಿರುತ್ತೀರಿ. ಅದು ಒಳಗೆ ಕೂಗುತ್ತಿರುತ್ತದೆ, ನೀವು ಹೊರಗೆ ಕೂತು ಪೈಥಾನ್ ಕೋಡ್ ತಿದ್ದುತ್ತಿರುತ್ತೀರಿ.

ಈಗ ಕೈ ನೋಡಿ. ಇದು ಬಿಳಿ ಕೇಬಲ್, ಗಡ್ಡದ ಟ್ರಿಮ್ಮರ್ ಜೊತೆ ಬಂದದ್ದು. ಇದು ಕಪ್ಪು, ಇದಕ್ಕೆ ನಾನೇ ಕೆಂಪು ದಾರ ಕಟ್ಟಿದ್ದೇನೆ. ದಾರ ಯಾಕೆ ಅಂದರೆ, ನಮ್ಮ ಮನೆಯಲ್ಲಿ ಒಳ್ಳೆ ಕೇಬಲ್ ಒಂದು ಜಾಗದಲ್ಲಿ ಅರ್ಧ ಗಂಟೆ ಇರುವುದಿಲ್ಲ. ಯಾರದೋ ಫೋನಿಗೆ ಹೋಗಿ ಅಂಟಿಕೊಂಡಿರುತ್ತದೆ. ಆ ಬಿಳಿಯದರ ಅಣ್ಣತಮ್ಮ ಒಂದು ಕೇಬಲನ್ನು ನಿನ್ನೆ ಬ್ಲೇಡ್‌ನಲ್ಲಿ ಸೀಳಿದೆ. ಹೊರಗಿಂದ ಶಾವಿಗೆ ಕಟ್ಟಿನಷ್ಟು ದಪ್ಪ. ಒಳಗೆ ತಾಮ್ರ ಅಂತ ಇದ್ದದ್ದು ಐದಾರು ಕೂದಲೆಳೆ. ಮಿಕ್ಕದ್ದೆಲ್ಲ ರಬ್ಬರ್. ಎಸ್‌ಪಿ ರೋಡಲ್ಲಿ ಅಂಗಡಿಯವರನ್ನು ಕೇಳಿದರೆ "ಎಲ್ಲಾ ಒಂದೇ ಸಾರ್, ಕಲರ್ ಬೇರೆ ಅಷ್ಟೇ" ಅಂದರು.

ಒಂದೇ ಅಲ್ಲ ಸಾರ್. 28 ಗೇಜ್ ತಾಮ್ರದ ತಂತಿಗೆ ಮೀಟರಿಗೆ ಸುಮಾರು 0.21 ಓಮ್ ತಡೆ. 20 ಗೇಜ್‌ಗೆ 0.033. ಗೇಜ್ ನಂಬರ್ ದೊಡ್ಡದಾದಷ್ಟೂ ತಂತಿ ತೆಳ್ಳಗೆ. ಇದು ತಿಳಿಯದೆ "28 ಇದೆ, 20ಕ್ಕಿಂತ ಜಾಸ್ತಿ ಅಲ್ವಾ" ಅಂತ ಕೊಂಡವರೂ ಇದ್ದಾರೆ. ಹೆಸರು ಹೇಳಲ್ಲ, ನನ್ನ ಭಾವ.

ಈಗ ಶಿರಸಿ ಕಡೆಯ ಕಥೆ ಹೇಳುತ್ತೇನೆ. ಅಲ್ಲಿ ಮಾವನ ಮನೆ, ಅಡಿಕೆ ತೋಟ, ಬಾವಿಯ ಹತ್ತಿರ ನಾಲ್ಕು ಬಾಳೆ. ಬಾಳೆಗೊನೆ ಹಣ್ಣಾಗುವುದಕ್ಕೂ ರಾತ್ರಿ ಯಾರೋ ಬಂದು ತಿಂದು ಹೋಗುವುದಕ್ಕೂ ಸರಿಹೋಗುತ್ತಿತ್ತು. "ನೀನು ಕಂಪ್ಯೂಟರ್ ಓದಿದವನಲ್ವಾ, ಕಳ್ಳನನ್ನು ಹಿಡಿ" ಅಂದರು ಮಾವ. ಜಗಲಿ ಮೂಲೆಗೆ ಪೈ 3 ಕಟ್ಟಿದೆ. ಅದಕ್ಕೊಂದು ಯುಎಸ್‌ಬಿ ಕ್ಯಾಮೆರಾ, ಕತ್ತಲಲ್ಲೂ ಕಾಣುವಂಥದ್ದು. ಪ್ಲಗ್ ದೂರ ಇತ್ತು, ಎರಡು ಮೀಟರ್ ಕೇಬಲ್ ಎಳೆದೆ. ಬಿಳಿಯದು.

ಹಗಲೆಲ್ಲ ಬಂಗಾರದ ಹಾಗೆ ಓಡಿತು. ಸಂಜೆ ಆರೂಮುಕ್ಕಾಲಿಗೆ ಠಪ್ ಅಂತ ನಿಂತಿತು. ಮಾರನೇ ದಿನವೂ ಅದೇ ಹೊತ್ತು. ಮೂರನೇ ದಿನವೂ. ಆಗ ನಾನೂ ನಿಮ್ಮ ಹಾಗೆ ಜಾಣ. ಪೈನ ಮೆಮೊರಿ ಕಾರ್ಡ್ ಅಳಿಸಿ ಮೂರು ಸಲ ಹೊಸದಾಗಿ ಓಎಸ್ ಹಾಕಿದೆ. ಹೊತ್ತು ಹೊತ್ತಿಗೆ ಕೆಲಸ ಓಡಿಸುವ ಕ್ರಾನ್‌ನಲ್ಲಿ ಆ ಹೊತ್ತಿಗೆ ಏನಾದರೂ ಇದೆಯಾ ಅಂತ ಹುಡುಕಿದೆ. ಬಿಸಿಯಾಗಿರಬಹುದು ಅಂತ ಹೀಟ್‌ಸಿಂಕ್ ಅಂಟಿಸಿದೆ. ಅತ್ತೆ ಒಂದು ತೆಂಗಿನಕಾಯಿ ನಿವಾಳಿಸಿ ಒಡೆದರು, ದೀಪ ಹಚ್ಚುವ ಹೊತ್ತಿಗೇ ಸಾಯುತ್ತದೆ ಅಂದರೆ ಏನೋ ಇದೆ ಅಂತ. ನಾನೂ ಬೇಡ ಅನ್ನಲಿಲ್ಲ.

ಆರನೇ ದಿನ ಮೋಡ ಕವಿದಿತ್ತು. ಆವತ್ತು ಆರಕ್ಕೇ ನಿಂತಿತು. ಗಡಿಯಾರ ನೋಡಿ ಸಾಯುವುದಾಗಿದ್ದರೆ ಆರೂಮುಕ್ಕಾಲಿಗೇ ಸಾಯಬೇಕಿತ್ತಲ್ಲ. ಇದು ನೋಡುತ್ತಿದ್ದದ್ದು ಬೆಳಕನ್ನು.

ಆಗ ತಲೆಗೆ ಹೊಳೆಯಿತು. ಕತ್ತಲಾದ ಕೂಡಲೇ ಕ್ಯಾಮೆರಾದ ಸುತ್ತಲಿನ ಇನ್‌ಫ್ರಾರೆಡ್ ದೀಪಗಳು ತಾವಾಗಿಯೇ ಹೊತ್ತಿಕೊಳ್ಳುತ್ತವೆ. ಕಣ್ಣಿಗೆ ಕಾಣುವುದಿಲ್ಲ, ಆದರೆ ಕರೆಂಟ್ ಎಳೆಯುತ್ತವೆ. ಲೆಕ್ಕ ಹಾಕೋಣ. ಎರಡು ಮೀಟರ್ ಕೇಬಲ್ ಅಂದರೆ ಹೋಗುವ ತಂತಿ ಎರಡು ಮೀಟರ್, ಬರುವ ತಂತಿ ಎರಡು ಮೀಟರ್, ಒಟ್ಟು ನಾಲ್ಕು ಮೀಟರ್. 28 ಗೇಜ್ ಲೆಕ್ಕದಲ್ಲಿ ಸುಮಾರು 0.85 ಓಮ್. ಅದನ್ನು ಆಂಪಿಯರಿಂದ ಗುಣಿಸಿದರೆ ಕೇಬಲ್ ನುಂಗುವ ವೋಲ್ಟ್. ಹಗಲು ಅರ್ಧ ಆಂಪಿಯರ್ ಹರಿದರೆ 0.43 ವೋಲ್ಟ್ ದಾರಿಯಲ್ಲೇ ಖಾಲಿ. 5.1ರಲ್ಲಿ ಅದನ್ನು ಕಳೆದರೆ 4.67. ಗಡಿಯ ಮೇಲೆ, ಒಂಟಿಕಾಲಲ್ಲಿ ನಿಂತ ಹಾಗೆ. ದೀಪ ಹೊತ್ತಿ 0.8 ಆಂಪಿಯರ್ ಆದರೆ 0.68 ವೋಲ್ಟ್ ಖಾಲಿ. ಉಳಿದದ್ದು 4.42. ಕ್ಯಾಮೆರಾ ಕೈಬಿಟ್ಟಿತು, ಪ್ರೋಗ್ರಾಂ ನಿಂತಿತು, ಕಥೆ ಮುಗಿಯಿತು. ಲಾಗ್ ತೆಗೆದು ನೋಡಿದರೆ "ಅಂಡರ್ ವೋಲ್ಟೇಜ್ ಡಿಟೆಕ್ಟೆಡ್" ಅಂತ ದಿನಾ ಸಂಜೆ ಬರೆದಿಟ್ಟಿದೆ ಪಾಪ. ಡೈರಿ ಬರೆದ ಹಾಗೆ. ನಾನು ಓದಿರಲಿಲ್ಲ.

ದಪ್ಪ ಕೇಬಲ್ ಹಾಕಿದೆ, ಗಿಡ್ಡದು. ಆವತ್ತು ರಾತ್ರಿಯೇ ಕಳ್ಳ ಸಿಕ್ಕಿದ. ಕಬ್ಬೆಕ್ಕು. ಕ್ಯಾಮೆರಾ ಕಡೆ ನೋಡುತ್ತಾ ಆರಾಮಾಗಿ ತಿನ್ನುತ್ತಿದೆ. ಆ ವಿಡಿಯೋ ಚಾನೆಲ್ ಮೆಂಬರ್‌ಗಳಿಗೆ ಮಾತ್ರ ಇದೆ, ಸೇರಿಕೊಳ್ಳಿ.

ಈಗ ನಿಮ್ಮ ಬುದ್ಧಿವಂತ ಪ್ರಶ್ನೆಗಳಿಗೆ ಬರೋಣ. "ಅದೇ ಕೇಬಲ್ಲಲ್ಲಿ ನನ್ನ ಫೋನ್ ಚಾರ್ಜ್ ಆಗುತ್ತಲ್ಲ?" ಆಗುತ್ತದೆ. ಫೋನ್ ಅಂದರೆ ನಲ್ಲಿ ಕೆಳಗಿಟ್ಟ ಕೊಡ. ನೀರು ಸಣ್ಣಗೆ ಬಂದರೆ ತಡವಾಗಿ ತುಂಬುತ್ತದೆ, ಅಷ್ಟೇ. ಪೈ ಅಂದರೆ ತಲೆಗೆ ಸೋಪು ಹಚ್ಚಿಕೊಂಡು ಶವರ್ ಕೆಳಗೆ ನಿಂತವನು. ಅವನಿಗೆ ನೀರು ಈಗಲೇ ಬೇಕು. ಬೆಂಗಳೂರಿನವರಿಗೆ ಇದಕ್ಕಿಂತ ಬಿಡಿಸಿ ಹೇಳುವ ಅಗತ್ಯ ಇಲ್ಲ ಅಂದುಕೊಂಡಿದ್ದೇನೆ.

"ನನ್ನ ಚಾರ್ಜರ್ 65 ವ್ಯಾಟ್ ಸಾರ್!" ಸಂತೋಷ. ಅದು ಲ್ಯಾಪ್‌ಟಾಪಿಗೆ 20 ವೋಲ್ಟ್ ಕೊಟ್ಟಾಗ 65. ನಿಮ್ಮ ಪೈ 20 ವೋಲ್ಟ್ ಕುಡಿಯುವುದಿಲ್ಲ. 5 ವೋಲ್ಟಿಗೆ ಆ ಚಾರ್ಜರ್ ಎಷ್ಟು ಆಂಪಿಯರ್ ಕೊಡುತ್ತದೆ ಅಂತ ಹಿಂದೆ ಇರುವೆಯಷ್ಟು ಅಕ್ಷರದಲ್ಲಿ ಬರೆದಿರುತ್ತದೆ, ಓದಿ. ಸಾಮಾನ್ಯವಾಗಿ 3. ಪೈ 4ಕ್ಕೆ ಸಾಕು. 2023ರಲ್ಲಿ ಬಂದ ಪೈ 5 ಪೂರ್ತಿ ಹೊಟ್ಟೆ ತುಂಬಬೇಕಾದರೆ 5 ವೋಲ್ಟಿನಲ್ಲೇ 5 ಆಂಪಿಯರ್ ಕೇಳುತ್ತದೆ. ಕೊಡದಿದ್ದರೆ ಯುಎಸ್‌ಬಿ ಕಡೆಗೆ ಒಟ್ಟು 600 ಮಿಲಿಆಂಪಿಯರ್ ಮಾತ್ರ ಬಿಡುತ್ತದೆ. ಆಮೇಲೆ ನೀವು "ಹಾರ್ಡ್‌ಡಿಸ್ಕ್ ಕಟಕಟ ಅಂತಿದೆ, ಡ್ರೈವರ್ ಪ್ರಾಬ್ಲಮ್ಮಾ?" ಅಂತ ಬರೆಯುತ್ತೀರಿ. ಹಸಿವು ಸ್ವಾಮಿ ಅದು. ಡ್ರೈವರ್ ಅಲ್ಲ.

ಇನ್ನೊಬ್ಬರು ಬಹಳ ಓದಿಕೊಂಡವರು. "2019ರಲ್ಲಿ ಪೈ 4 ಬಂದಾಗ ಒಳ್ಳೆ ದುಬಾರಿ ಟೈಪ್ ಸಿ ಕೇಬಲ್ ಹಾಕಿದರೇ ಆನ್ ಆಗುತ್ತಿರಲಿಲ್ಲ, ಅಗ್ಗದ್ದು ಹಾಕಿದರೆ ಆಗುತ್ತಿತ್ತು. ಇದಕ್ಕೇನಂತೀರಿ?" ನಿಜ. ಪೈ ಮಾಡುವವರು ಟೈಪ್ ಸಿ ಸಾಕೆಟ್ಟಿನ ಎರಡು ಪಿನ್ನಿಗೆ ಬೇರೆ ಬೇರೆ ರೆಸಿಸ್ಟರ್ ಇಡುವ ಬದಲು ಒಂದನ್ನೇ ಹಂಚಿದ್ದರು. ಒಳಗೆ ಚಿಪ್ ಇರುವ ಕೇಬಲ್ ಹಾಕಿದರೆ ಚಾರ್ಜರ್ ಆ ಬೋರ್ಡನ್ನು ಹೆಡ್‌ಫೋನಿನ ಅಡಾಪ್ಟರ್ ಅಂತ ತಿಳಿದು ಕರೆಂಟೇ ಕೊಡುತ್ತಿರಲಿಲ್ಲ. ಆಮೇಲಿನ ಬೋರ್ಡುಗಳಲ್ಲಿ ಸರಿಮಾಡಿದರು. ಅಂದರೆ ಆಗ ಏನು ಮಾಡಬೇಕಿತ್ತು? ಕೇಬಲ್ ಬದಲಾಯಿಸಬೇಕಿತ್ತು! ನಾನು ಹೇಳುತ್ತಿರುವುದೂ ಅದೇ ಅಲ್ವಾ? ನನ್ನ ವಿರುದ್ಧ ಸಾಕ್ಷಿ ತರುತ್ತೀರಿ, ಸಾಕ್ಷಿ ಬಂದು ನನ್ನ ಪಕ್ಕ ಕೂರುತ್ತದೆ.

ಇನ್ನೂ ಒಂದು. 2015ರಲ್ಲಿ ಪೈ 2 ಬಂದ ಹೊಸತರಲ್ಲಿ ಕ್ಯಾಮೆರಾ ಫ್ಲ್ಯಾಶ್ ಹಾಕಿ ಫೋಟೋ ತೆಗೆದರೆ ಬೋರ್ಡ್ ಆಫ್ ಆಗುತ್ತಿತ್ತು. ತಮಾಷೆಯಲ್ಲ, ಝೆನಾನ್ ಫ್ಲ್ಯಾಶ್‌ನ ಬೆಳಕು ಬಿದ್ದರೆ ಮೂರ್ಛೆ. ಹೊಸ ಬೋರ್ಡಿನ ಫೋಟೋ ಊರಿಗೆಲ್ಲ ತೋರಿಸೋಣ ಅಂದರೆ ದೃಷ್ಟಿಯಾಗುತ್ತಿತ್ತು. ಬೆಳಕು ಬಿದ್ದದ್ದು ಯಾವ ಚಿಪ್ ಮೇಲೆ ಗೊತ್ತಾ? ಪ್ರೊಸೆಸರ್ ಅಲ್ಲ, ಮೆಮೊರಿ ಅಲ್ಲ. ಪವರ್ ಸಪ್ಲೈ ಚಿಪ್! ಮೈಮೇಲೆ ಕವಚವಿಲ್ಲದ ಪುಟ್ಟ ಚಿಪ್, ಹೆಸರು ಯು16. ಎಲ್ಲಿಂದ ಹೊರಟರೂ ಕೊನೆಗೆ ಪವರ್ ಮನೆಗೇ ಬರುತ್ತೀರಿ.

ಇಎಸ್‌ಪಿ32 ಅನ್ನುವ ಪುಟ್ಟ ವೈಫೈ ಚಿಪ್ಪಿನ ಬಳಗದವರು ನಗಬೇಡಿ. ವೈಫೈ ಆನ್ ಆದ ತಕ್ಷಣ ಒಂದು ಗುಟುಕು ಜಾಸ್ತಿ ಎಳೆಯುತ್ತದೆ, ಆಗ "ಬ್ರೌನ್‌ಔಟ್ ಡಿಟೆಕ್ಟರ್ ವಾಸ್ ಟ್ರಿಗರ್ಡ್" ಅಂತ, ಅಂದರೆ ವೋಲ್ಟೇಜ್ ಬಿತ್ತು ಅಂತ, ಅಚ್ಚು ಹಾಕಿ ರೀಸ್ಟಾರ್ಟ್. ಅದಕ್ಕೆ ನಮ್ಮ ಜನ ಏನು ಮಾಡುತ್ತಾರೆ? ಆ ಡಿಟೆಕ್ಟರನ್ನೇ ಆಫ್ ಮಾಡುವ ಒಂದು ಸಾಲು ಕೋಡ್ ಹುಡುಕಿ ಅಂಟಿಸುತ್ತಾರೆ. ಕಳ್ಳ ಬಂದಾಗ ಬೊಗಳಿದ ನಾಯಿಯ ಬಾಯಿ ಕಟ್ಟಿ ಮಲಗಿದ ಹಾಗೆ!

ಪೈ ಇರುವವರು ಕಮಾಂಡ್ ಬರೆಯುವ ಟರ್ಮಿನಲ್ ತೆರೆದು "ವಿಸಿಜೆನ್‌ಸಿಎಂಡಿ ಗೆಟ್ ಥ್ರಾಟಲ್ಡ್" ಓಡಿಸಿ. ಗೆಟ್ ಮತ್ತು ಥ್ರಾಟಲ್ಡ್ ಮಧ್ಯೆ ಅಂಡರ್‌ಸ್ಕೋರ್. ಸೊನ್ನೆ ಎಕ್ಸ್ ಸೊನ್ನೆ ಬಂದರೆ ನೀವು ಪುಣ್ಯವಂತರು. ಸೊನ್ನೆ ಎಕ್ಸ್ 50000 ಬಂದರೆ, ಆನ್ ಆದಮೇಲೆ ಯಾವಾಗಲೋ ವೋಲ್ಟೇಜ್ ಬಿದ್ದು ಎದ್ದಿದೆ. 50005 ಬಂದರೆ ಈಗಲೂ ಬಿದ್ದೇ ಇದೆ. ಅದನ್ನು ನೋಡಿಯೂ ನನಗೆ ಪೈಥಾನ್ ಕೋಡ್ ಕಳಿಸುವವರಿದ್ದಾರೆ. 400 ಸಾಲು! ನಾನು ಓದುವುದಿಲ್ಲ. ಬೇಕಾದರೆ ಅನ್‌ಸಬ್‌ಸ್ಕ್ರೈಬ್ ಮಾಡಿ. ಬೇಡ, ಮಾಡಬೇಡಿ.

ಅಂದಹಾಗೆ ಸ್ಟಿಕರ್ ಮಾಡಿಸಿದ್ದೇನೆ. "ಕೇಬಲ್ ನೋಡಿದಿರಾ?" ಅಂತ, ಹಳದಿ ಮೇಲೆ ಕಪ್ಪು. 40 ರೂಪಾಯಿ. ಐದು ತಗೊಂಡರೆ ಪೋಸ್ಟ್ ಫ್ರೀ. ಲಿಂಕ್ ಕೆಳಗಿದೆ. ಪ್ರಿಂಟ್ ಮಾಡಿದವರು ಮೊದಲ ಸಲ "ಕೇಬಲ್ ನೊಡಿದಿರಾ" ಅಂತ ದೀರ್ಘ ನುಂಗಿ 200 ಕೊಟ್ಟರು. ಅವು 15 ರೂಪಾಯಿ.

ಇದರ ಮೇಲೆ ಇನ್ನೂ ಮೂರು ಪಾಯಿಂಟ್ ಬರೆದುಕೊಂಡಿದ್ದೆ. ಹಾಳೆ ಎಲ್ಲೋ ಹೋಯಿತು. ಪಾಲಿಶ್ ಕೆಳಗೆ ಹಾಸಿದೆ ಅಂತ ಕಾಣುತ್ತದೆ. ಪರವಾಗಿಲ್ಲ, ಮೂರರಲ್ಲೂ ಅದೇ ಇತ್ತು. ಕೇಬಲ್.

ಕೊನೆಗೊಂದು ಕಾಮೆಂಟ್ ಓದಿಬಿಡುತ್ತೇನೆ, ಈಗ ತಾನೇ ಬಂದದ್ದು. "ಸಾರ್, ನಿಮ್ಮ ಮಾತು ಕೇಳಿ ಕೇಬಲ್ಲೂ ಬದಲಾಯಿಸಿದೆ, ಅಡಾಪ್ಟರೂ ಬದಲಾಯಿಸಿದೆ. ಆದರೂ ಪೈ ಏಳುತ್ತಿಲ್ಲ. ಹಸಿರು ದೀಪ ನಾಲ್ಕು ಸಲ ಮಿಣುಕಿ ನಿಲ್ಲುತ್ತದೆ."

ಹಸಿರು, ನಾಲ್ಕು ಸಲ. ಹಾಂ. ನಾಲ್ಕು ಸಲ ಅಂದರೆ ಬೂಟ್ ಫೈಲ್ ಸಿಗುತ್ತಿಲ್ಲ ಅಂತ ಅರ್ಥ. ಕಾರ್ಡಿನಲ್ಲಿರುವ ಸ್ಟಾರ್ಟ್ ಡಾಟ್ ಇಎಲ್‌ಎಫ್. ಅಂದರೆ ಇದು ಎಸ್‌ಡಿ ಕಾರ್ಡ್ ತೊಂದರೆ. ಸರಿ. ಕಾರ್ಡ್ ಹೊಸದಾಗಿ ಬರೆದರೆ ಏಳುತ್ತದೆ.

ಆದರೆ ಕಾರ್ಡ್ ಕೆಟ್ಟದ್ದು ಯಾಕೆ? ಬರೆಯುತ್ತಿರುವಾಗ ಕರೆಂಟ್ ಕೈಕೊಟ್ಟಿತು, ಅದಕ್ಕೇ! ಯಾವುದರಿಂದ? ಹಳೇ ಕೇಬಲ್ಲಿಂದ! ಅಲ್ಲದೆ ಇನ್ನೇನು? ನೀವು ಬದಲಾಯಿಸಿದ್ದು ತಡವಾಯಿತು ಅಷ್ಟೇ. ಲೈಕ್ ಮಾಡಿ, ಶೇರ್ ಮಾಡಿ, ಆ 46 ಜನ ಕೂಡ.

ಈಗ ಕಾರ್ಡ್ ಬರೆಯುವುದು ಹೇಗೆ ಅಂತ ಐದು ನಿಮಿಷದಲ್ಲಿ ತೋರಿಸಿಬಿಡುತ್ತೇನೆ. ಪೈ ಇಲ್ಲಿದೆ, ಅಡಾಪ್ಟರ್ ಇಲ್ಲಿದೆ. ಕಪ್ಪು ಕೇಬಲ್... ಈಗ ಇಲ್ಲೇ ಇತ್ತಲ್ಲ, ನಿಮಗೇ ತೋರಿಸಿದೆ. ಬಿಳಿಯದು ಇದೆ. ಕೆಂಪು ದಾರದ್ದು ಎಲ್ಲಿ? ಒಂದು ನಿಮಿಷ. ಅಮ್ಮಾ, ನಿಮ್ಮ ಫೋನ್ ಎಲ್ಲಿ ಚಾರ್ಜಿಗೆ ಹಾಕಿದ್ದೀರಿ?