ಸಾರು ಹೇಗಿದೆ ಸ್ವಾಮಿ?

ನಮಸ್ಕಾರ, ನಮಸ್ಕಾರ. ಈ ವಾರ ನಿದ್ದೆಯ ಬಗ್ಗೆ ಮಾತಾಡುತ್ತೇನೆ ಅಂತ ಹೇಳಿದ್ದೆ. ಮಾತಾಡಲ್ಲ. ಕಾರಣ ಒಂದು ಕಮೆಂಟು. ಹೋದ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ, ಇದ್ದಂಗೇ ಓದುತ್ತೇನೆ ಕೇಳಿ: "ಸರ್, ನನ್ನ ಹೊಟ್ಟೆ ಸ್ಕೋರ್ 62 ಬಂದಿದೆ. ಒಳ್ಳೆ ಬ್ಯಾಕ್ಟೀರಿಯಾ ಕಡಿಮೆಯಂತೆ. ಯಾವ ಕ್ಯಾಪ್ಸೂಲ್ ತಗೊಳ್ಳಲಿ?"

ಅರವತ್ತೆರಡು. ಯಾವುದರಲ್ಲಿ ಅರವತ್ತೆರಡು? ಎಸ್ಸೆಸ್ಸೆಲ್ಸಿನಾ?

ಇಷ್ಟೇ ಆಗಿದ್ದರೆ ಸುಮ್ನೆ ಬಿಡುತ್ತಿದ್ದೆ. ಆದರೆ ಅದೇ ಭಾನುವಾರ ಮೈಸೂರಿಗೆ ಅಕ್ಕನ ಮನೆಗೆ ಹೋಗಿದ್ದೆ. ಊಟಕ್ಕೆ ಕೂತಿದ್ದೇವೆ. ತಟ್ಟೆಗೆ ಇನ್ನೂ ಅನ್ನ ಬಿದ್ದಿಲ್ಲ, ಭಾವ ಒಳಗಿಂದ ಒಂದು ಫೈಲ್ ತಂದರು. ಸ್ಪೈರಲ್ ಬೈಂಡಿಂಗ್, 34 ಪುಟ. ಹೊಟ್ಟೆಯಲ್ಲಿ ಯಾವ್ಯಾವ ಬ್ಯಾಕ್ಟೀರಿಯಾ ಇವೆ ಅಂತ ನೋಡಿ ಸ್ಕೋರ್ ಕೊಡುವ ಟೆಸ್ಟು. ಪುಟ್ಟ ಡಬ್ಬಿಯಲ್ಲಿ ಮಲದ ಸ್ಯಾಂಪಲ್ ಹಾಕಿ ಕೊರಿಯರ್ ಮಾಡಿದ್ದಾರೆ, ಯಾವ ಕಂಪನಿ ಅಂತ ನಾನು ಹೇಳುವುದಿಲ್ಲ, ಮೂರು ವಾರಕ್ಕೆ ಈ ಫೈಲ್ ಬಂದಿದೆ. ಮೊದಲ ಪುಟದಲ್ಲಿ ಬಣ್ಣಬಣ್ಣದ ಚಕ್ರ. ಎರಡನೇ ಪುಟದಿಂದ ಬರೀ ಲ್ಯಾಟಿನ್ ಹೆಸರು, ಪಕ್ಕದಲ್ಲಿ ಹಸಿರು ಚುಕ್ಕೆ, ಕೆಂಪು ಚುಕ್ಕೆ. ಕೊನೆಯ ಪುಟದಲ್ಲಿ ಏನಿತ್ತು ಹೇಳಿ? ಅದೇ ಕಂಪನಿಯ ಪುಡಿ. ತಿಂಗಳಿಗೊಂದು ಡಬ್ಬ. ಅಕ್ಕ ಸಾರಿನ ಪಾತ್ರೆ ಹಿಡಿದುಕೊಂಡು ನಿಂತೇ ಇದ್ದಾಳೆ, ಭಾವ ಬ್ಯಾಕ್ಟೀರಿಯಾ ಹೆಸರು ಓದುತ್ತಲೇ ಇದ್ದಾರೆ. ಸಾರು ಆರಿತು, ನನಗೆ ಈ ವಿಡಿಯೋ ಹೊಳೆಯಿತು.

ನೀವು ಮದುವೆ ಛತ್ರಕ್ಕೆ ಹೋಗಿದ್ದೀರಿ. ಅಡುಗೆಮನೆ ಬಾಗಿಲಲ್ಲಿ ಯಾರೋ ಒಂದು ಪಟ್ಟಿ ಕೊಡುತ್ತಾರೆ. ಅಡುಗೆಭಟ್ಟರು ಆರು ಜನ, ಬಡಿಸುವವರು ಹನ್ನೆರಡು, ಪಾತ್ರೆ ತೊಳೆಯುವವರು ನಾಲ್ಕು. ಈ ಪಟ್ಟಿ ನೋಡಿ ಸಾರಿಗೆ ಉಪ್ಪು ಸರಿಯಾಗಿದೆಯೋ ಇಲ್ಲವೋ ಹೇಳುತ್ತೀರಾ? ಹೇಳಕ್ಕಾಗಲ್ಲ ಅಲ್ವಾ? ಭಾವನ ಕೈಯಲ್ಲಿದ್ದದ್ದು ಆ ಪಟ್ಟಿ. ನಾನು ಕೇಳುತ್ತಿರುವುದು ಒಂದೇ: ಸಾರು ಹೇಗಿದೆ?

ಹೊಟ್ಟೆಯೊಳಗಿನ ಸಾರಿಗೆ ಮೆಟಬೊಲೈಟ್ ಅಂತ ಹೆಸರು. ನೀವು ತಿಂದದ್ದನ್ನು ಬ್ಯಾಕ್ಟೀರಿಯಾ ತಿಂದು ಏನೇನು ಹೊರಗೆ ಬಿಡುತ್ತವೋ, ಆ ಸಣ್ಣ ಸಣ್ಣ ಅಣುಗಳು. ನಾರು ಕೊಟ್ಟರೆ ಬ್ಯುಟಿರೇಟ್ ಮಾಡುತ್ತವೆ. ದೊಡ್ಡ ಕರುಳಿನ ಒಳಪದರದ ಜೀವಕೋಶಗಳಿಗೆ ಅದೇ ಮುಖ್ಯ ಉರುವಲು. ರಕ್ತದಲ್ಲೋ ಮೂತ್ರದಲ್ಲೋ ಮಲದಲ್ಲೋ ಇಂಥ ನೂರಾರು ಅಣುಗಳನ್ನು ಒಟ್ಟಿಗೆ ಅಳೆಯುವುದಕ್ಕೆ ಮೆಟಬೊಲೈಟ್ ಪ್ರೊಫೈಲಿಂಗ್ ಅನ್ನುತ್ತಾರೆ, ಮಾಸ್ ಸ್ಪೆಕ್ಟ್ರೋಮೀಟರ್ ಅಂತ ಒಂದು ಯಂತ್ರ ಅಣುಗಳನ್ನು ತೂಕ ನೋಡಿ ಗುರುತು ಹಿಡಿಯುತ್ತದೆ. ಯಂತ್ರ ಹೊಸದು, ಐಡಿಯಾ ಹಳೇದು. ಮಧುಮೇಹ ಅನ್ನುವ ಪದವನ್ನೇ ನೋಡಿ. ಜೇನಿನಂಥ ಮೂತ್ರ. ಮೂತ್ರಕ್ಕೆ ಇರುವೆ ಮುತ್ತುತ್ತವೆ ಅಂತ ನಮ್ಮ ಹಳೆಯ ವೈದ್ಯರು ಗಮನಿಸಿದ್ದರು. ಕಾಯಿಲೆಯ ಹೆಸರೇ ಲ್ಯಾಬ್ ರಿಪೋರ್ಟು, ಇರುವೆಯೇ ಮಾಸ್ ಸ್ಪೆಕ್ಟ್ರೋಮೀಟರ್! ಇದು ನನ್ನದೇ ಜೋಕು. ವಾಟ್ಸಾಪಲ್ಲಿ ಕಳಿಸುವವರು ದಯವಿಟ್ಟು ಚಾನೆಲ್ ಹೆಸರು ಹಾಕಿ.

ಈಗ ಅಮೆರಿಕಕ್ಕೆ ಬನ್ನಿ. ಕ್ಲೀವ್‌ಲ್ಯಾಂಡ್ ಕ್ಲಿನಿಕ್, ಸ್ಟ್ಯಾನ್ಲಿ ಹೇಜನ್ ಅಂತ ವಿಜ್ಞಾನಿ. ಇವರ ತಂಡ ಬ್ಯಾಕ್ಟೀರಿಯಾದ ಹೆಸರು ಹುಡುಕಿಕೊಂಡು ಹೊರಟದ್ದಲ್ಲ. ಹೃದಯದ ತೊಂದರೆ ಬಂದವರ ರಕ್ತ, ಬರದವರ ರಕ್ತ ಎರಡನ್ನೂ ಯಂತ್ರಕ್ಕೆ ಕೊಟ್ಟು, ಯಾವ ಅಣು ಹೆಚ್ಚುಕಡಿಮೆ ಇದೆ ನೋಡಿದರು. ಅಂದರೆ ನೇರವಾಗಿ ಸಾರಿಗೇ ಸೌಟು ಹಾಕಿದರು. 2011ರಲ್ಲಿ ಸಿಕ್ಕಿದ್ದು ಟಿಎಂಎಓ ಅನ್ನುವ ಅಣು. ಮೊಟ್ಟೆ, ಕೆಂಪು ಮಾಂಸದಲ್ಲಿರುವ ಕೋಲೀನ್, ಕಾರ್ನಿಟೀನ್ ಅನ್ನುವ ವಸ್ತುಗಳನ್ನು ಕರುಳಿನ ಬ್ಯಾಕ್ಟೀರಿಯಾ ಟಿಎಂಎ ಅನ್ನುವ ಅನಿಲ ಮಾಡುತ್ತವೆ, ಕೊಳೆತ ಮೀನಿನ ವಾಸನೆ ಅದರದ್ದೇ, ಅದನ್ನು ಲಿವರ್ ಟಿಎಂಎಓ ಮಾಡುತ್ತದೆ. 2013ರಲ್ಲಿ 4,007 ರೋಗಿಗಳನ್ನು ಮೂರು ವರ್ಷ ಗಮನಿಸಿದ ಫಲಿತಾಂಶ ಬಂತು. ಟಿಎಂಎಓ ಅತಿ ಹೆಚ್ಚಿದ್ದವರಿಗೆ ಹೃದಯಾಘಾತ, ಪಾರ್ಶ್ವವಾಯು, ಸಾವಿನ ಅಪಾಯ ಅತಿ ಕಡಿಮೆ ಇದ್ದವರ ಸುಮಾರು ಎರಡೂವರೆ ಪಟ್ಟು.

ನನಗೆ ತುಂಬಾ ಇಷ್ಟವಾದ ಭಾಗ ಇನ್ನೊಂದಿದೆ. ವರ್ಷಗಟ್ಟಲೆ ಮಾಂಸ, ಹಾಲು, ಮೊಟ್ಟೆ ಏನೂ ಮುಟ್ಟದ ಒಬ್ಬ ಮನುಷ್ಯನನ್ನು ಒಪ್ಪಿಸಿ, ಪಾಪ, ವಿಜ್ಞಾನಕ್ಕಾಗಿ ಕಾಲು ಕೆಜಿ ಹತ್ತಿರ ದನದ ಮಾಂಸ ತಿನ್ನಿಸಿದರು. ದಿನಾ ತಿನ್ನುವವರ ರಕ್ತದಲ್ಲಿ ಟಿಎಂಎಓ ಏರಿತು. ಇವನಲ್ಲಿ ಏರಲೇ ಇಲ್ಲ ಅನ್ನಬಹುದು. ತಟ್ಟೆ ಒಂದೇ, ತುಂಡು ಒಂದೇ, ಸಾರು ಬೇರೆ. ದಿನಾ ತಿನ್ನುವವರಿಗೆ ಒಂದು ವಾರ ಆ್ಯಂಟಿಬಯಾಟಿಕ್ ಕೊಟ್ಟು ಮತ್ತೆ ತಿನ್ನಿಸಿದರೆ ಅವರಲ್ಲೂ ಟಿಎಂಎಓ ಮಾಯ. ಕೆಲವು ವಾರ ಬಿಟ್ಟರೆ ವಾಪಸ್! ಅಡುಗೆಯವರು ರಜೆ ಮುಗಿಸಿ ಬಂದರು ಅನ್ನಿ.

ಈಗ ಕಮೆಂಟಲ್ಲಿ ಯಾರಾದರೂ ಬರೆಯುತ್ತಾರೆ: "ಸರ್, ಮೀನಲ್ಲಿ ಟಿಎಂಎಓ ರೆಡಿಯಾಗಿಯೇ ಇರುತ್ತದೆ, ಕಿಡ್ನಿ ಸರಿಯಿಲ್ಲದಿದ್ದರೂ ಏರುತ್ತದೆ, ಹಾಗಾಗಿ ಹೃದಯಾಘಾತಕ್ಕೆ ಅದೇ ಕಾರಣ ಅಂತ ಹೇಳಕ್ಕಾಗಲ್ಲ." ಗೊತ್ತು ಸ್ವಾಮಿ, ಗೊತ್ತು. ಮಂಗಳೂರಿನವರು ಬಂಗುಡೆ ಬಿಡಬೇಕಾಗಿಲ್ಲ, ಹೆದರಬೇಡಿ. ಆದರೆ ಈ ಜಗಳ ಯಾವುದರ ಮೇಲೆ ನಡೆಯುತ್ತಿದೆ? ಸಾರಿನ ಮೇಲೆ! ಪಟ್ಟಿಯ ಮೇಲೆ ಜಗಳ ಆಡುತ್ತಿದ್ದೀರಾ? ಇಲ್ಲ ತಾನೆ. ಮುಂದಕ್ಕೆ.

ಹೆಸರಿನ ಕಥೆಗೆ ಬರೋಣ. ಭಾವ ಮಾಡಿಸಿದಂಥ ಬಹಳಷ್ಟು ಟೆಸ್ಟು ಓದುವುದು ಬ್ಯಾಕ್ಟೀರಿಯಾದ ಒಂದೇ ಒಂದು ಜೀನ್, 16ಎಸ್ ಅಂತ. ಮನೆ ಮುಂದಿನ ನೇಮ್ ಬೋರ್ಡ್ ಓದಿದ ಹಾಗೆ. ರಮೇಶ ಅಂತ ಗೊತ್ತಾಯಿತು. ಪಾಠ ಹೇಳುವ ರಮೇಶನೋ, ಬಸ್ಸಲ್ಲಿ ಜೇಬು ಕತ್ತರಿಸುವ ರಮೇಶನೋ? ಉತ್ಪ್ರೇಕ್ಷೆ ಅಂದುಕೊಂಡಿರಾ? ಇ. ಕೋಲೈ ಅನ್ನುವ ಕರುಳಿನ ಬ್ಯಾಕ್ಟೀರಿಯಾ ಗೊತ್ತಲ್ಲ. 1917ರಲ್ಲಿ, ಮೊದಲ ಮಹಾಯುದ್ಧದ ಕಾಲ, ಜೊತೆಯವರಿಗೆಲ್ಲ ಭೇದಿ ಆದಾಗಲೂ ಒಬ್ಬ ಜರ್ಮನ್ ಸೈನಿಕ ಗಟ್ಟಿಯಾಗಿದ್ದ. ಅವನ ಮಲದಿಂದ ಆಲ್ಫ್ರೆಡ್ ನಿಸ್ಲೆ ಅನ್ನುವ ವೈದ್ಯರು ಒಂದು ಇ. ಕೋಲೈ ತೆಗೆದರು, ಅದು ಇವತ್ತಿಗೂ ಕ್ಯಾಪ್ಸೂಲಲ್ಲಿ ಮಾರಾಟಕ್ಕಿದೆ. ಇನ್ನೊಂದು ಇ. ಕೋಲೈ, ಓ157. ಅದು ರಕ್ತಭೇದಿ ತರುತ್ತದೆ, ಮಕ್ಕಳ ಕಿಡ್ನಿಯನ್ನೇ ಕೆಡಿಸಬಹುದು. ಎರಡರ ಬೋರ್ಡಲ್ಲೂ ಒಂದೇ ಹೆಸರು. ಈಗ ಚುಕ್ಕೆ ಯಾವ ಬಣ್ಣ ಹಾಕುತ್ತೀರಿ?

ಡಿಜಾಕ್ಸಿನ್ ಅಂತ ಹೃದಯದ ಹಳೇ ಮಾತ್ರೆ ಇದೆ. ಎಗರ್ಥೆಲ್ಲಾ ಲೆಂಟಾ ಅನ್ನುವ ಬ್ಯಾಕ್ಟೀರಿಯಾ ಅದನ್ನು ಕರುಳಲ್ಲೇ ನಿಷ್ಕ್ರಿಯ ಮಾಡುತ್ತದೆ. ಎಲ್ಲ ಎಗರ್ಥೆಲ್ಲಾವೂ ಮಾಡುತ್ತದಾ? ಇಲ್ಲ. 2013ರಲ್ಲಿ ಪೀಟರ್ ಟರ್ನ್‌ಬಾ ಅನ್ನುವ ವಿಜ್ಞಾನಿಯ ತಂಡ ತೋರಿಸಿತು, ಕೆಲವು ತಳಿ ಮಾತ್ರ ಮಾಡುತ್ತವೆ. ಅವೂ ಇಲಿಗಳಿಗೆ ಪ್ರೋಟೀನ್ ಜಾಸ್ತಿ ಕೊಟ್ಟರೆ ಆ ಕೆಲಸ ಕಡಿಮೆ ಮಾಡುತ್ತವೆ. ಹೆಸರು ಅದೇ, ಬ್ಯಾಕ್ಟೀರಿಯಾ ಅದೇ, ಊಟ ಬದಲಾದರೆ ಕೆಲಸವೂ ಬದಲು. ಇದನ್ನು 34 ಪುಟದಲ್ಲಿ ಎಲ್ಲಿ ಬರೆದಿದ್ದಾರೆ ಭಾವ? ತೋರಿಸಿ!

ಒಂದು ನಿಮಿಷ, ಚಹಾ.

ಹಾ. ಮೆಂಬರ್‌ಶಿಪ್ ಶುರು ಮಾಡಿದ್ದೇವೆ, ಕೆಳಗೆ ಬಟನ್ ಇದೆ. "ಸಾರು ಹೇಗಿದೆ?" ಅಂತ ಬರೆದ ಟೀಶರ್ಟ್ ಮಾಡಿಸೋಣ ಅಂತ ಎಡಿಟರ್ ಹೇಳುತ್ತಿದ್ದಾನೆ. ಬೇಕಾದವರು ಕಮೆಂಟಲ್ಲಿ ಸೈಜ್ ಹಾಕಿ. ಹೊಟ್ಟೆ ಸ್ಕೋರ್ ಹಾಕಬೇಡಿ.

"ಇದೆಲ್ಲ ಫಾರಿನ್ ರಿಸರ್ಚ್, ನಮ್ಮ ಹೊಟ್ಟೆ ಬೇರೆ" ಅನ್ನುವವರು ಇದ್ದೇ ಇರುತ್ತಾರೆ. 2019ರಲ್ಲಿ ಭೋಪಾಲ್ ಕಡೆಯವರು, ಕೇರಳದವರು ಸೇರಿ 110 ಜನ ಆರೋಗ್ಯವಂತರ ಅಧ್ಯಯನ ಬಂತು. ಭೋಪಾಲ್ ಕಡೆಯವರಲ್ಲಿ ಪ್ರಿವೊಟೆಲ್ಲಾ ಅನ್ನುವ ಬ್ಯಾಕ್ಟೀರಿಯಾದ್ದೇ ದರ್ಬಾರು. ಆದರೆ ಅವರು ಬರೀ ಜೀನ್ ಎಣಿಸಿ ಮನೆಗೆ ಹೋಗಲಿಲ್ಲ, ಮೆಟಬೊಲೈಟನ್ನೂ ಅಳೆದರು. ಯಾಕೆ? ನೀವೇ ಹೇಳಿ, ಯಾಕೆ?

"ಮಲ ಕಸಿ ಮಾಡಿದರೆ ಕಾಯಿಲೆ ವಾಸಿಯಾಗುತ್ತದಲ್ಲ, ಆಗ ಬ್ಯಾಕ್ಟೀರಿಯಾ ತಾನೆ ಮುಖ್ಯ?" ಊಟ ಮಾಡುತ್ತಾ ಕೇಳುತ್ತಿದ್ದರೆ ಕ್ಷಮಿಸಿ. ಹೌದು, ಸಿ ಡಿಫಿಸಿಲ್ ಅನ್ನುವ ಬ್ಯಾಕ್ಟೀರಿಯಾ ತರುವ ಕೆಟ್ಟ ಭೇದಿ ಇದೆ, ಬಿಟ್ಟು ಬಿಟ್ಟು ಬರುತ್ತದೆ. 2013ರಲ್ಲಿ ನೆದರ್ಲೆಂಡ್ಸಿನ ಪ್ರಯೋಗದಲ್ಲಿ ಆರೋಗ್ಯವಂತರ ಮಲವನ್ನು ಒಂದೇ ಸಲ ಕರುಳಿಗೆ ಹಾಕಿಸಿಕೊಂಡ 16 ಜನರಲ್ಲಿ 13 ಜನ ವಾಸಿಯಾದರು. ಪ್ರಯೋಗವನ್ನು ಬೇಗ ನಿಲ್ಲಿಸುವಷ್ಟು ಒಳ್ಳೆ ಫಲಿತಾಂಶ. ಆದರೆ ಹೊಸದಾಗಿ ಬಂದವು ಒಳಗೆ ಏನು ಮಾಡಿದವು? ಪಿತ್ತರಸದ ಆಮ್ಲಗಳನ್ನು ಬದಲಾಯಿಸಿದವು. ಬದಲಾದ ಆಮ್ಲದಲ್ಲಿ ಸಿ ಡಿಫಿಸಿಲ್‌ಗೆ ಬೆಳೆಯುವುದು ಕಷ್ಟ. ಅದೂ ಸಾರೇ! ಎಲ್ಲವೂ ಸಾರೇ ಸ್ವಾಮಿ!

ಇನ್ನೊಬ್ಬರು: "ನಮ್ಮಜ್ಜಿ ರಾಗಿ ಅಂಬಲಿ ಕುಡಿದು 95 ವರ್ಷ ಬದುಕಿದ್ದರು." ಸಂತೋಷ. ಅಜ್ಜಿ ಸ್ಕೋರ್ ನೋಡಿದ್ದರಾ? ಇಲ್ಲ. ಅಜ್ಜಿ ನನ್ನ ಕಡೆ.

"ಹಾಗಾದರೆ ಮೆಟಬೊಲೈಟ್ ಟೆಸ್ಟ್ ಎಲ್ಲಿ ಮಾಡಿಸಲಿ?" ಅಯ್ಯೋ. ಶುಗರ್ ಟೆಸ್ಟ್ ಮಾಡಿಸಿದ್ದೀರಾ? ಕ್ರಿಯಾಟಿನೀನ್? ಅವೂ ಮೆಟಬೊಲೈಟೇ, ಬ್ಯಾಕ್ಟೀರಿಯಾದ್ದಲ್ಲ, ನಿಮ್ಮ ದೇಹದ್ದು. ಬೀದಿ ಕೊನೆಯ ಲ್ಯಾಬಲ್ಲೇ ಆಗುತ್ತದೆ, ಮೊದಲು ಅದು ಮಾಡಿಸಿ. ನೂರಾರು ಅಣುಗಳ ದೊಡ್ಡ ಪ್ರೊಫೈಲಿಗೆ ನಿಮ್ಮ ಡಾಕ್ಟರ್ ಈಗ ಕೇಳುವುದಿಲ್ಲ, ಅದು ಇನ್ನೂ ರಿಸರ್ಚ್ ಕೋಣೆಯಲ್ಲೇ ಜಾಸ್ತಿ ಇದೆ. ನಾಳೆ ಯಾರಾದರೂ ಅದನ್ನೂ ಡಬ್ಬಿಯಲ್ಲಿ ಹಾಕಿ, ಸ್ಕೋರ್ ಕೊಟ್ಟು, ಕೊನೆಯ ಪುಟದಲ್ಲಿ ಪುಡಿ ಮಾರುತ್ತಾರೆ, ಬರೆದಿಟ್ಟುಕೊಳ್ಳಿ. ಆಗ ಇನ್ನೊಂದು ವಿಡಿಯೋ ಮಾಡುತ್ತೇನೆ. ಬೆಲ್ ಒತ್ತಿ.

ಬರೆದುಕೊಂಡ ಪಾಯಿಂಟು ಮುಗಿದವು. ಇನ್ನೂ ಎರಡಿದ್ದವು, ಕೈಬರಹ ಅರ್ಥ ಆಗುತ್ತಿಲ್ಲ. ಇರಲಿ. ಪಟ್ಟಿ ಬೇಡ! ಸಾರು ಹೇಗಿದೆ? ಅಷ್ಟೇ!

ಎಡಿಟರ್ ಅಲ್ಲಿ ಕೂತು ನಗುತ್ತಿದ್ದಾನೆ. ಯಾಕೆ ಅಂತ ನನಗೆ ಗೊತ್ತು, ಅವನು ಬಾಯಿ ಬಿಡುವ ಮೊದಲು ನಾನೇ ಹೇಳಿಬಿಡುತ್ತೇನೆ. ಭಾವ ಎರಡು ಕಿಟ್ ತರಿಸಿದ್ದರು. ಒಂದರ ಜೊತೆ ಇನ್ನೊಂದು ಅರ್ಧ ಬೆಲೆಗೆ. ಎರಡನೇದು ನನಗೆ ಕೊಟ್ಟಿದ್ದರು, ಸುಮ್ನೆ ಕುತೂಹಲಕ್ಕೆ ಕಳಿಸಿದ್ದೆ. ಅವರಿಗೆ 74. ನನಗೆ 58. ಈ ವಿಡಿಯೋಗೂ ಅದಕ್ಕೂ ಸಂಬಂಧ ಇಲ್ಲ. ಕಟ್ ಮಾಡೋ. ಇದನ್ನು ಕಟ್ ಮಾಡು ಅಂದೆ.