ಪುಟ್ಟ ಹಳ್ಳಿ, ಐದು ಪ್ಲಾಟ್‌ಫಾರಂ

ಕೇಳುಗರಿಗೆ ನಮಸ್ಕಾರ. ಒಂದು ಪುಟ್ಟ ಹಳ್ಳಿಗೆ ಐದು ಪ್ಲಾಟ್‌ಫಾರಂ ಇರುವ ರೈಲ್ವೆ ಸ್ಟೇಷನ್ ಅಂದರೆ ನಂಬುತ್ತೀರಾ? ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿ ವೈ ನದಿಯ ಕಣಿವೆಯೊಳಗೆ ಮಿಲ್ಲರ್ಸ್ ಡೇಲ್ ಅಂತ ಒಂದು ಊರಿದೆ. ಅಲ್ಲಿ ನಿಜವಾಗಿಯೂ ಅಂಥ ಸ್ಟೇಷನ್ ಇತ್ತು.

ಶುರುವಾಗಿದ್ದು 1863ರಲ್ಲಿ. ಮಿಡ್‌ಲ್ಯಾಂಡ್ ರೈಲ್ವೆ ಕಂಪನಿಗೆ ಮ್ಯಾಂಚೆಸ್ಟರ್ ತನಕ ತನ್ನದೇ ದಾರಿ ಬೇಕಿತ್ತು. ಬಕ್ಸ್‌ಟನ್ ಪಟ್ಟಣದಿಂದ ಮುಂದಿನ ದಾರಿ ಬೇರೆ ಕಂಪನಿಯ ಕೈಯಲ್ಲಿತ್ತು. ಹಾಗಾಗಿ ಮುಖ್ಯ ಮಾರ್ಗವನ್ನು ಬಕ್ಸ್‌ಟನ್‌ಗೆ ತಾಗಿಸದೆ ಪಕ್ಕದಿಂದಲೇ ಒಯ್ದರು, ಪಟ್ಟಣಕ್ಕೆ ಉಳಿದಿದ್ದು ಒಂದು ಕವಲು ದಾರಿ. ಬಿಸಿನೀರಿನ ಬುಗ್ಗೆಗಳಿಗೆ ಹೆಸರಾದ ಬಕ್ಸ್‌ಟನ್‌ಗೆ ಲಂಡನ್‌ನಿಂದ ಹೊರಟವರು ಮಿಲ್ಲರ್ಸ್ ಡೇಲ್‌ನಲ್ಲಿ ಎಕ್ಸ್‌ಪ್ರೆಸ್ ಇಳಿದು, ಲಗೇಜು ಹಿಡಿದುಕೊಂಡು ಕವಲು ದಾರಿಯ ಚಿಕ್ಕ ರೈಲು ಹತ್ತುತ್ತಿದ್ದರು. ಊರು ದೊಡ್ಡದಲ್ಲ, ಆದರೆ ರೈಲು ಬದಲಿಸುವವರು ಜಾಸ್ತಿ. ಸ್ಟೇಷನ್ ಬೆಳೆದದ್ದು ಅದಕ್ಕೇ. ಸುತ್ತಲಿನ ಹೊಲಮನೆಗಳ ಹಾಲು, ಪಕ್ಕದ ಗೂಡುಗಳಲ್ಲಿ ಸುಟ್ಟ ಸುಣ್ಣ, ಎಲ್ಲಾ ಇಲ್ಲಿಂದಲೇ ಹೊರಡುತ್ತಿತ್ತು. ರೈಲುಗಳು ಹೆಚ್ಚಾಗಿ ಒಂದು ಸೇತುವೆ ಸಾಲದೆ 1905ರಲ್ಲಿ ಅದರ ಪಕ್ಕದಲ್ಲೇ ಇನ್ನೊಂದು ಕಟ್ಟಿದರು. ಎರಡೂ ಈಗಲೂ ನದಿಯ ಮೇಲೆ ಜೊತೆಜೊತೆಯಾಗಿ ನಿಂತಿವೆ.

ಆಮೇಲೆ ಜನ ಕಾರು ಕೊಂಡರು, ಸರಕು ಲಾರಿ ಹತ್ತಿತು. 1966ರ ಹೊತ್ತಿಗೆ ಲಂಡನ್–ಮ್ಯಾಂಚೆಸ್ಟರ್ ನಡುವಿನ ಇನ್ನೊಂದು ಮಾರ್ಗಕ್ಕೆ ವಿದ್ಯುತ್ ಬಂತು. 1967ರ ಮಾರ್ಚ್‌ನಲ್ಲಿ ಈ ಸ್ಟೇಷನ್ ಮುಚ್ಚಿತು, ಮರುವರ್ಷ ಇಲ್ಲಿ ರೈಲು ಓಡುವುದೇ ನಿಂತಿತು. ನನಗೆ ಇದು ದುಡುಕು ಅನ್ನಿಸುತ್ತದೆ. ಇಷ್ಟೊಂದು ಬಂಡೆ ಕೊರೆದು ಮಾಡಿದ ದಾರಿಯನ್ನು ಸುಮ್ನೆ ಬಿಟ್ಟುಬಿಡುವುದು ಅಂದರೆ ಏನು!

ಪುಣ್ಯಕ್ಕೆ ಪೀಕ್ ಡಿಸ್ಟ್ರಿಕ್ಟ್ ರಾಷ್ಟ್ರೀಯ ಉದ್ಯಾನದವರು ಅದನ್ನು ಕೈಗೆತ್ತಿಕೊಂಡರು. 1981ರಲ್ಲಿ ಹಳಿ ಕಿತ್ತ ಜಾಗ ಮಾನ್ಸಲ್ ಟ್ರೇಲ್ ಅನ್ನುವ ಕಾಲುದಾರಿಯಾಯಿತು. ಆದರೆ ದೊಡ್ಡ ಸುರಂಗಗಳಿಗೆ ಬೀಗ ಬಿದ್ದಿತ್ತು, ನಡೆಯುವವರು ಗುಡ್ಡ ಹತ್ತಿ ಇಳಿದು ಸುತ್ತಿ ಬರಬೇಕಿತ್ತು. 2011ರಲ್ಲಿ ಒಳಗೆ ದೀಪ ಹಾಕಿ ಅವನ್ನೂ ತೆರೆದರು. ಈಗ ಸೈಕಲ್ಲಿನವರು, ಗಾಲಿಕುರ್ಚಿಯವರು, ಮಕ್ಕಳ ಗಾಡಿ ತಳ್ಳುವವರು ಎಲ್ಲರೂ ಸಲೀಸಾಗಿ ಹೋಗುತ್ತಾರೆ. ಸ್ಟೇಷನ್ ಕಟ್ಟಡದಲ್ಲಿ ಕೆಫೆ ಇದೆ.

ಮತ್ತೆ ಹಳಿ ಹಾಕಿ ಅನ್ನುವವರಿದ್ದಾರೆ, ಟ್ರೇಲ್ ಮುಟ್ಟಬೇಡಿ ಅನ್ನುವವರೂ ಇದ್ದಾರೆ. ನನ್ನ ಕೇಳಿದರೆ ರೈಲು ಬರಲಿ, ಆದರೆ ನಡೆಯುವವರಿಗೆ ಇಷ್ಟೇ ಸಲೀಸಾದ ಇನ್ನೊಂದು ದಾರಿ ಮಾಡಿಕೊಟ್ಟ ಮೇಲೆ.