ದಪ್ಪಗಿದ್ದರೂ ಗದರದ ಅಕ್ಷರ

ಕೇಳುಗರಿಗೆ ನಮಸ್ಕಾರ.

ಕಣ್ಣಿಗೆ ಕಾಣಬೇಕಾದ ಅಕ್ಷರವನ್ನು ಇವತ್ತು ಕಿವಿಗೆ ಹೇಳಲು ಹೊರಟಿದ್ದೇನೆ. ಸ್ವಲ್ಪ ಹುಚ್ಚುತನವೇ, ಅಲ್ವಾ? ಆದರೂ ಒಮ್ಮೆ ಕಣ್ಣು ಮುಚ್ಚಿ. ಇಂಗ್ಲಿಷಿನ ದೊಡ್ಡ 'ಬಿ' ಅಕ್ಷರ ನೆನೆಸಿಕೊಳ್ಳಿ. ಅದಕ್ಕೆ ದಿನಾ ತುಪ್ಪದನ್ನ ಉಣಿಸಿ ದಪ್ಪ ಮಾಡಿ. ಮೂಲೆಗಳನ್ನೆಲ್ಲ ಉಜ್ಜಿ ನುಣ್ಣಗೆ ಮಾಡಿ. ತುದಿಯಲ್ಲಿ ಚೂಪಾಗಿ ಚಾಚಿಕೊಳ್ಳುವ ಪಾದವಿರುತ್ತದಲ್ಲ, ಸೆರಿಫ್ ಎನ್ನುತ್ತಾರೆ, ಅದರ ಬದಲು ಹಸುಗೂಸಿನ ಪಾದದಂಥ ಗುಂಡನೆಯ ಉಬ್ಬು ಇಡಿ. ಈಗ ಕಂಡಿತಲ್ಲ? ಅದೇ ಕೂಪರ್ ಬ್ಲ್ಯಾಕ್ ಎಂಬ ಫಾಂಟು, ಅಂದರೆ ಅಚ್ಚಿನ ಅಕ್ಷರಶೈಲಿ.

ಇದು ಹುಟ್ಟಿದ್ದು ಅಮೆರಿಕದ ಶಿಕಾಗೋದಲ್ಲಿ. ಬರೆದವರು ಆಸ್ವಲ್ಡ್ ಕೂಪರ್. 1879ರಲ್ಲಿ ಹುಟ್ಟಿದವರು. ಜಾಹೀರಾತುಗಳಿಗೆ ಕೈಯಲ್ಲೇ ಅಕ್ಷರ ಬರೆಯುವುದು ಅವರ ಕಸುಬು. ಆ ಕೈಬರಹದ ದುಂಡುತನವೇ ಈ ಅಕ್ಷರಕ್ಕೂ ಬಂದಿದೆ. ಬಾರ್ನ್‌ಹಾರ್ಟ್ ಬ್ರದರ್ಸ್ ಅಂಡ್ ಸ್ಪಿಂಡ್ಲರ್ ಎಂಬ ಅಚ್ಚುಮೊಳೆಯ ಕಾರ್ಖಾನೆ 1922ರಲ್ಲಿ ಇದನ್ನು ಸೀಸದಲ್ಲಿ ಎರಕ ಹೊಯ್ದು ಮಾರಿತು. ಜಾಹೀರಾತಿನವರು ಮುಗಿಬಿದ್ದರು. ಹಳಬರು ಕೆಲವರು ಮೂಗು ಮುರಿದರು. ಕೂಪರ್ ತಮಾಷೆಯ ಮನುಷ್ಯ. ಇದು ದೂರದೃಷ್ಟಿಯ ಮುದ್ರಕರಿಗೆ, ಅವರ ಸಮೀಪದೃಷ್ಟಿಯ ಗಿರಾಕಿಗಳಿಗೆ ಅಂದರಂತೆ!

ಪೈಪೋಟಿಯ ಕಾರ್ಖಾನೆಗಳು ಸುಮ್ನೆ ಕೂರಲಿಲ್ಲ. ಲಡ್ಲೋ ಕಂಪನಿ ಇದೇ ಥರದ ಲಡ್ಲೋ ಬ್ಲ್ಯಾಕ್ ತಂದಿತು. ಮಾನೋಟೈಪ್ ಕಂಪನಿಗಾಗಿ ಗೌಡಿ ಹೆವಿಫೇಸ್ ಬಂತು. ಅದನ್ನು ಬರೆದ ಫ್ರೆಡ್ರಿಕ್ ಗೌಡಿ ಒಂದು ಕಾಲಕ್ಕೆ ಕೂಪರ್ ಅವರ ಮೇಷ್ಟ್ರು. ಶಿಷ್ಯನ ಅಕ್ಷರ ಓಡಿದ ದಾರಿಯಲ್ಲಿ ಮೇಷ್ಟ್ರೂ ಓಡಬೇಕಾಯಿತು ನೋಡಿ.

ಇದರಲ್ಲಿ ನನಗೆ ಜಾಸ್ತಿ ಇಷ್ಟವಾಗುವುದು ಒಂದು ಜಾಣತನ. ಸಾಮಾನ್ಯವಾಗಿ 'ಓ' ಥರದ ಗುಂಡು ಅಕ್ಷರವನ್ನು ಗೆರೆಗಿಂತ ಕೂದಲೆಳೆಯಷ್ಟು ಕೆಳಗೆ ಇಳಿಸಿ ಬರೆಯುತ್ತಾರೆ. ಇಲ್ಲದಿದ್ದರೆ ಪಕ್ಕದ ಚಪ್ಪಟೆ ಪಾದದ ಅಕ್ಷರಕ್ಕಿಂತ ಗಿಡ್ಡ ಕಾಣುತ್ತದೆ. ಕೂಪರ್ ಬ್ಲ್ಯಾಕಿನಲ್ಲಿ ಎಲ್ಲರದೂ ಗುಂಡು ಪಾದವೇ. ಹಾಗಾಗಿ ಒಂದು ಅಕ್ಷರ ತುಸು ಮೇಲೆ ಕೆಳಗೆ ಆದರೂ ಕಣ್ಣಿಗೆ ಸಿಕ್ಕುವುದಿಲ್ಲ. 1960, 70ರ ದಶಕಗಳಲ್ಲಿ ಹಾಳೆಯಿಂದ ಅಕ್ಷರ ಉಜ್ಜಿ ಅಂಟಿಸುವ ಲೆಟ್ರಾಸೆಟ್ ಬಂತು. ನಡುಗುವ ಕೈಯವರಿಗೂ ಇದು ಒದಗಿತು. ಅಂಗಡಿ ಬೋರ್ಡು, ಟೀ ಶರ್ಟು, ಪೋಸ್ಟರು, ಎಲ್ಲೆಲ್ಲೂ ಇದೇ. 1966ರಲ್ಲಿ ಬೀಚ್ ಬಾಯ್ಸ್ ತಂಡದ ಒಂದು ರೆಕಾರ್ಡಿನ ಹೊದಿಕೆಗೂ ಏರಿತು. ಈಗ ಈಜಿಜೆಟ್ ಎಂಬ ವಿಮಾನ ಕಂಪನಿಯ ಹೆಸರನ್ನು ಇದರಲ್ಲೇ ಬರೆದಿದ್ದಾರೆ. ಅದೂ ಕಿತ್ತಳೆ ಬಣ್ಣದ ಜೊತೆ. ಅಷ್ಟು ಭಾರದ ಅಕ್ಷರ ಹಾರುವುದನ್ನು ನೋಡಿದರೆ ನನಗೆ ನಗು ಬರುತ್ತದೆ.

ಬಳಸುವವರಿಗೆ ಒಂದು ಮಾತು. ಇದನ್ನು ತಲೆಬರಹಕ್ಕೆ ಮಾತ್ರ ಇಟ್ಟುಕೊಳ್ಳಿ. ಒಳಗಿನ ಕಿಂಡಿಗಳು ತೀರಾ ಚಿಕ್ಕವು. ಸಣ್ಣ ಗಾತ್ರದಲ್ಲಿ ಅಚ್ಚು ಹಾಕಿದರೆ ಮಸಿ ತುಂಬಿ, ಓದುವವರಿಗೆ ಬರೀ ಕಪ್ಪು ಮುದ್ದೆ ಸಿಗುತ್ತದೆ. ಮತ್ತೆ, ಎಲ್ಲ ಸಂದರ್ಭಕ್ಕೂ ಇದು ಒಗ್ಗುವುದಿಲ್ಲ. ಒಮ್ಮೆ ಒಂದು ಶ್ರದ್ಧಾಂಜಲಿ ಬ್ಯಾನರಿನಲ್ಲಿ ಇಂಗ್ಲಿಷ್ ಸಾಲನ್ನು ಇದೇ ಅಕ್ಷರದಲ್ಲಿ ಹಾಕಿದ್ದರು. ದೂರದಿಂದ ನೋಡಿ ಹುಟ್ಟುಹಬ್ಬ ಅಂದುಕೊಂಡೆ. ನಗುನಗುತ್ತಾ ಒಳಗೆ ಹೋಗಿಬಿಟ್ಟಿದ್ದೆ.

ನಮಸ್ಕಾರ.